ಮಹಾಲಯ ಪಕ್ಷವೂ ಮಕ್ಕಳ ಪಾಠವೂ



ಅನಂತನ ಚತುರ್ದಶಿಯಂದು ಗಣಪತಿಯ ವಿಸರ್ಜನೆಯ ಗದ್ದಲ ಅಡಗುತ್ತಲೇ ಹುಣ್ಣಿಮೆ ಬರುತ್ತದೆ. ಅದರ ಬೆನ್ನಿಗೇ ಭಾದ್ರಪದ ಬಹುಳ ಪಕ್ಷ. ದೆಹಲಿಯಲ್ಲಿರುವ ನಮ್ಮವರ ಮಕ್ಕಳು ಅಲ್ಲಿಯ ಕ್ಯಾಲೆಂಡರಿನಲ್ಲಿ ಇದನ್ನೇ ಆಶ್ವಿನ ಕೃಷ್ಣವೆಂದು ಓದಿ ಗಲಿಬಿಲಿಗೊಳ್ಳುವುದುಂಟು. ಉತ್ತರದವರಿಗೆ ಮಾಸ ಮುಗಿಯುವುದು ಹುಣ್ಣಿಮೆಗೆ, ನಮಗೆ ಅಮಾವಾಸ್ಯೆಗೆ. ಮಾಸದ ಹೆಸರು ಬೇರೆಯಾದರೂ ಪಕ್ಷ ಒಂದೇ. ಗಂಗೆಯ ದಡದಲ್ಲಿ ತರ್ಪಣ ಬಿಡುವವನೂ ಕೃಷ್ಣೆಯ ದಡದಲ್ಲಿ ಬಿಡುವವನೂ ಆ ಹದಿನೈದು ದಿನಗಳಲ್ಲಿಯೇ ಬಿಡುತ್ತಾನೆ.

ಈ ಪಕ್ಷವನ್ನು ಕುರಿತು ಬರೆಯಲು ಕಾರಣವೊಂದಿದೆ. 2020ರಲ್ಲಿ ಮಠದ ಬಾಗಿಲು ಮುಚ್ಚಬೇಕಾಗಿ ಬಂದಾಗ ಅನಿವಾರ್ಯವಾಗಿ ಆರಂಭವಾದ ನಮ್ಮ ಶಾಖೆಯ ಭಾನುವಾರದ ಆನ್‌ಲೈನ್ ಬಾಲಪಾಠವು ಬಾಗಿಲು ತೆರೆದ ಮೇಲೂ ನಿಲ್ಲಲಿಲ್ಲ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳ ಮಕ್ಕಳು ಅವರವರ ಮನೆಯಲ್ಲಿ ಕುಳಿತೇ ಸ್ತೋತ್ರ, ಸುಳಾದಿ, ಪಂಚಾಂಗ ನೋಡುವ ಕ್ರಮ ಇವುಗಳನ್ನು ಕಲಿಯುತ್ತಿದ್ದಾರೆ. ಕಳೆದ ವರ್ಷ ಮಹಾಲಯ ಪಕ್ಷದ ಭಾನುವಾರದಂದು ಪಾಠ ಹೇಳುವವರು ಒಂದು ಹೊಸ ಕ್ರಮ ಮಾಡಿದರು. ಪ್ರತಿಯೊಂದು ಮಗುವೂ ತಂದೆಯ ಕಡೆಯ ಹಾಗೂ ತಾಯಿಯ ಕಡೆಯ ಮೂರು ತಲೆಮಾರುಗಳ ಹೆಸರುಗಳನ್ನು ಮನೆಯಲ್ಲಿ ಕೇಳಿ ಬರೆದುಕೊಂಡು ಬರಬೇಕು. ಆ ಹಿರಿಯರಲ್ಲಿ ಒಬ್ಬರನ್ನು ಕುರಿತು ಕೇಳಿ ತಿಳಿದ ಒಂದು ಸಂಗತಿಯನ್ನು ಉಳಿದ ಮಕ್ಕಳಿಗೆ ಹೇಳಬೇಕು. ಇಷ್ಟೇ. ಈ ವರ್ಷವೂ ಹಾಗೆಯೇ ಮಾಡುವುದೆಂದು ತಿಳಿಸಿದಾಗ ಕೆಲವು ಹಿರಿಯರು ಆಕ್ಷೇಪವೆತ್ತಿದ್ದಾರೆ. ತಂದೆತಾಯಿಗಳು ಸುಖವಾಗಿರುವ ಮಕ್ಕಳ ಬಾಯಲ್ಲಿ ಪಿತೃಗಳ ಮಾತು ಬರುವುದು ಅಮಂಗಳವಲ್ಲವೇ ಎಂಬುದು ಒಂದು ಆಕ್ಷೇಪ. ಶ್ರಾದ್ಧವು ಮನೆಯೊಳಗೆ ಮಡಿಯಲ್ಲಿ ಆಗಬೇಕಾದ ಕರ್ಮ, ಅದನ್ನು ನಾಲ್ಕು ಊರುಗಳವರ ಮುಂದೆ ಪರದೆಯ ಮೇಲೆ ಹಬ್ಬದಂತೆ ಆಚರಿಸುವುದು ಉಚಿತವೇ ಎಂಬುದು ಇನ್ನೊಂದು. ಕೇಳಿದವರು ಶ್ರದ್ಧಾವಂತರು, ವರ್ಷಕ್ಕೊಮ್ಮೆಯೂ ಶ್ರಾದ್ಧ ತಪ್ಪಿಸದವರು. ಆದ್ದರಿಂದ ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮೊದಲು ಅಮಂಗಳದ ಮಾತು. ಈ ಹದಿನೈದು ದಿನ ಹೊಸ ಬಟ್ಟೆ ಕೊಳ್ಳಬಾರದು, ಹೊಸ ವಾಹನ ತರಬಾರದು, ಮದುವೆಯ ಮಾತೆತ್ತಬಾರದು ಎಂಬುದು ನಗರದಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಗೊತ್ತು. ಇದೇ ಪಕ್ಷದಲ್ಲಿ ಏನು ಮಾಡಬೇಕು ಎಂಬುದು ಮಾತ್ರ ವರ್ಷವರ್ಷಕ್ಕೆ ಮರೆಯಾಗುತ್ತಿದೆ. ನಿಷೇಧ ಉಳಿಯಿತು, ವಿಧಿ ಜಾರಿತು. ಹೀಗಾದಾಗ ಪುಣ್ಯಕಾಲವೊಂದು ಕೇವಲ ಭಯದ ಕಾಲವಾಗಿ ತೋರುವುದು ಸಹಜ. ಆದರೆ ‘ಮಹಾಲಯ’ ಎಂಬ ಶಬ್ದವನ್ನೇ ನೋಡಿರಿ. ಮಹತ್ತಾದ ಆಲಯ ಎಂದು ಬಿಡಿಸುವುದು ರೂಢಿ. ಅಮರಕೋಶದಲ್ಲಿ ಉತ್ಸವದ ಪರ್ಯಾಯ ಪದಗಳಲ್ಲಿ ‘ಮಹ’ ಎಂಬುದೂ ಒಂದು. ಆ ‘ಮಹ’ಕ್ಕೆ ಆಲಯ ಎಂದು ಬಿಡಿಸಿದರೂ ಸಂಧಿ ಸರಿಯಾಗಿಯೇ ಕೂಡುತ್ತದೆ, ಆಗ ಮಹಾಲಯವೆಂದರೆ ಪಿತೃಗಳ ಉತ್ಸವಕ್ಕೆ ನೆಲೆ. ನಮ್ಮ ಹಿರಿಯರು ಶ್ರಾದ್ಧದ ದಿನ ವಡೆ ಪಾಯಸ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಮನೆಗೆ ಬಂದ ಅತಿಥಿಯನ್ನು ಕುರಿತು ‘ಅಮಂಗಳ’ ಎಂದು ಯಾರಾದರೂ ಹೇಳುತ್ತಾರೆಯೇ? ಹಾಗಿರುವಾಗ ಮನೆಯನ್ನೇ ಕಟ್ಟಿಕೊಟ್ಟವರನ್ನು ಕುರಿತು ಹೇಳುವುದು ಹೇಗೆ?

ಆದರೆ ಆ ಆಕ್ಷೇಪದಲ್ಲಿ ಸತ್ಯಾಂಶವೂ ಇದೆ, ಅದನ್ನು ಮರೆಯಬಾರದು. ತಂದೆ ಬದುಕಿರುವವನಿಗೆ ಪಿತೃತರ್ಪಣದಲ್ಲಿ ಅಧಿಕಾರವಿಲ್ಲ. ಪಾಠದ ಉತ್ಸಾಹದಲ್ಲಿ ಮಕ್ಕಳ ಕೈಗೆ ಎಳ್ಳು, ದರ್ಭೆ ಕೊಟ್ಟು ‘ಅಭ್ಯಾಸ’ ಮಾಡಿಸುವುದು ಸರ್ವಥಾ ಕೂಡದು. ಕಳೆದ ವರ್ಷ ಹಾಗೆ ಯಾರೂ ಮಾಡಿಸಲೂ ಇಲ್ಲ. ತರ್ಪಣ ಬೇರೆ, ಸ್ಮರಣೆ ಬೇರೆ. ತರ್ಪಣಕ್ಕೆ ಅಧಿಕಾರಿಯು ನಿಯತನಾಗಿರುತ್ತಾನೆ. ಸ್ಮರಣೆಗೆ ಗಂಡು ಹೆಣ್ಣು, ಉಪನಯನವಾದವ ಆಗದವ ಎಂಬ ಭೇದವಿಲ್ಲ. ಅಲ್ಲದೆ ತರ್ಪಣದಲ್ಲಿಯೂ ಶಾಸ್ತ್ರವು ಒಂದು ಕಿಂಡಿಯನ್ನು ಬಿಟ್ಟಿದೆ. ಮಾಘ ಶುದ್ಧ ಅಷ್ಟಮಿಯಂದು, ಎಂದರೆ ರಥಸಪ್ತಮಿಯ ಮರುದಿನ ಮತ್ತು ನಮ್ಮ ಮಧ್ವನವಮಿಯ ಮುನ್ನಾದಿನ, ಭೀಷ್ಮತರ್ಪಣವಿದೆ. ಅದನ್ನು ತಂದೆ ಬದುಕಿರುವವನೂ ಮಾಡಬಹುದೆಂದು ನಿಬಂಧಕಾರರು ಹೇಳುತ್ತಾರೆ. ಭೀಷ್ಮರಿಗೆ ಮಕ್ಕಳಿಲ್ಲ. ಮಕ್ಕಳಿಲ್ಲದವರಿಗೆ ನೀರು ಬಿಡುವವರು ಯಾರು ಎಂಬ ಪ್ರಶ್ನೆಗೆ ಧರ್ಮಶಾಸ್ತ್ರವು ಎಲ್ಲರೂ ಬಿಡಲಿ ಎಂದು ಉತ್ತರ ಕೊಟ್ಟಿದೆ. ಅಂದು ಅರ್ಘ್ಯ ಬಿಡುವ ಹುಡುಗನ ತಂದೆಗೆ ಅದರಿಂದ ಕೇಡಾಯಿತೆಂದು ಯಾರೂ ಹೇಳಿದ್ದಿಲ್ಲ.

ಎರಡನೆಯ ಆಕ್ಷೇಪ ಪರದೆಯನ್ನು ಕುರಿತದ್ದು. ಶ್ರಾದ್ಧದ ಅಡುಗೆ, ಬ್ರಾಹ್ಮಣಭೋಜನ, ಪಿಂಡಪ್ರದಾನ ಇವು ಮನೆಯೊಳಗೇ ಆಗಬೇಕು. ಇದರಲ್ಲಿ ಎರಡು ಮಾತಿಲ್ಲ. ಮಹಾಮಾರಿಯ ಕಾಲದಲ್ಲಿ ಪುರೋಹಿತರು ಮೊಬೈಲಿನಲ್ಲಿ ಮಂತ್ರ ಹೇಳಿ ಅನೇಕರಿಂದ ತರ್ಪಣ ಮಾಡಿಸಿದರು. ಅದನ್ನು ನಾವು ಆಪದ್ಧರ್ಮವೆಂದೇ ತಿಳಿದಿದ್ದೇವೆ. ಮಂತ್ರದ ಧ್ವನಿ ದೂರದಿಂದ ಬಂದೀತು. ಎಳ್ಳುನೀರು ಮಾತ್ರ ಹೆಬ್ಬೆರಳು ತೋರುಬೆರಳುಗಳ ನಡುವಣ ಪಿತೃತೀರ್ಥದಿಂದ, ಸ್ವಂತ ಕೈಯಿಂದಲೇ ಬೀಳಬೇಕು. ಆದರೆ ಮಕ್ಕಳ ಪಾಠದಲ್ಲಿ ನಡೆಯುವುದು ಶ್ರಾದ್ಧವಲ್ಲ, ಶ್ರವಣ. ಪಿತೃಕಾರ್ಯದಲ್ಲಿ ಶ್ರವಣಕ್ಕೆ ಎಂಥ ಸ್ಥಾನವಿದೆಯೆಂಬುದನ್ನು ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಕಾಣಬಹುದು. ಅಲ್ಲಿ ಶ್ರಾದ್ಧಸಮಯದಲ್ಲಿ ವೇದವನ್ನೂ ಧರ್ಮಶಾಸ್ತ್ರವನ್ನೂ ಕೇಳಿಸಬೇಕೆಂದು ಹೇಳಿ, ಅದರೊಡನೆ ಆಖ್ಯಾನ, ಇತಿಹಾಸ, ಪುರಾಣಗಳನ್ನೂ ಸೇರಿಸಿದ್ದಾರೆ. ಎಂದರೆ ಕಥೆ ಕೇಳಿಸುವುದೂ ಶ್ರಾದ್ಧದ ಒಂದು ಅಂಗವೇ. ಪ್ರಹ್ಲಾದರಾಜರು ಭಕ್ತಿಯನ್ನು ಒಂಬತ್ತು ಬಗೆಯಾಗಿ ಎಣಿಸಿದಾಗ ಶ್ರವಣವನ್ನು ಮೊದಲು ಇಟ್ಟು, ಕೀರ್ತನವನ್ನು ಅನಂತರ ಇಟ್ಟು, ಸ್ಮರಣವನ್ನು ಮೂರನೆಯದಾಗಿ ಇಟ್ಟಿದ್ದಾರೆ. ಕೇಳದೆ ಇದ್ದದ್ದನ್ನು ನೆನೆಯುವುದು ಹೇಗೆ? ಇದು ಭಗವಂತನ ವಿಷಯದಲ್ಲಿ ಹೇಳಿದ ಕ್ರಮವೆಂಬುದು ನಿಜ. ಅಜ್ಜ ಮುತ್ತಜ್ಜಂದಿರ ವಿಷಯದಲ್ಲಿಯೂ ಕಿವಿಯ ದಾರಿ ಬಿಟ್ಟು ಬೇರೆ ದಾರಿ ನಮಗೆ ಕಾಣದು.

ಕಳೆದ ವರ್ಷದ ಪಾಠದಲ್ಲಿ ಮಕ್ಕಳು ಹೇಳಿದ್ದನ್ನು ನಾವೂ ಒಂದು ಮೂಲೆಯಲ್ಲಿ ಕುಳಿತು ಕೇಳಿದೆವು. ಬಹುತೇಕ ಮಕ್ಕಳು ಅಜ್ಜನ ಹೆಸರಿಗೆ ನಿಂತರು. ಒಬ್ಬ ಪುಟ್ಟ ಬಾಲಕನಿಗೆ ನಿನ್ನ ಅಜ್ಜನ ಹೆಸರೇನೆಂದು ಕೇಳಿದರೆ ‘ಅಜ್ಜ’ ಎಂದೇ ಉತ್ತರ ಕೊಟ್ಟ. ಅಜ್ಜಿಯರಿಗಂತೂ ಊರಿನ ಹೆಸರೇ ಹೆಸರು: ಒಬ್ಬಳು ಪುಣೆ ಅಜ್ಜಿ, ಇನ್ನೊಬ್ಬಳು ಬಾಗಲಕೋಟೆ ಅಜ್ಜಿ. ಪುಣೆ ಅಜ್ಜಿಯ ಹೆಸರು ಏನೆಂದು ಮಗು ಕ್ಯಾಮರಾದ ಆಚೆಗಿದ್ದ ತಾಯಿಯನ್ನು ಕೇಳಿತು, ತಾಯಿ ಹೇಳಿದರು. ಅಜ್ಜಿಯ ತಾಯಿಯ ಹೆಸರು ಕೇಳಿತು, ತಾಯಿ ಸುಮ್ಮನಾದರು.

ಇದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ. ನಗರದ ಜೀವನಕ್ರಮವೇ ಹೆಸರುಗಳನ್ನು ನುಂಗುತ್ತದೆ. ನಾವು ರೈಲ್ವೆ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಸಿಬ್ಬಂದಿಯ ದಾಖಲೆಗಳನ್ನು ನೋಡಿದವರು. ದಕ್ಷಿಣದವರ ಹೆಸರಿನ ಮುಂದೆ ಎರಡು ಅಕ್ಷರಗಳು: ಒಂದು ಊರಿನದು, ಒಂದು ತಂದೆಯದು. ಮಗನ ಕಾಲಕ್ಕೆ ಆ ಅಕ್ಷರಗಳು ಬರಿಯ ಅಕ್ಷರಗಳಾಗಿ ಉಳಿದವು. ಮೊಮ್ಮಗನ ಕಾಲಕ್ಕೆ ಉತ್ತರದ ಶಾಲೆಯ ಅರ್ಜಿಯಲ್ಲಿ ಊರಿನ ಹೆಸರೇ ಮನೆತನದ ಹೆಸರಾಗಿ ನಿಂತಿತು. ‘ಈ ಅಕ್ಷರ ಯಾವುದರ ಗುರುತು?’ ಎಂದು ಕೇಳಿದರೆ ಉತ್ತರ ಹೇಳುವ ಯುವಕರು ವಿರಳ. ಆ ಒಂದು ಅಕ್ಷರದೊಳಗೆ ಮುತ್ತಜ್ಜನೊಬ್ಬ ಕುಳಿತಿದ್ದಾನೆಂಬುದು ಯಾರ ನೆನಪಿನಲ್ಲಿಯೂ ಇರುವುದಿಲ್ಲ.

ಇತರ ವಿಷಯಗಳಲ್ಲಿ ಭಾವವಿದ್ದರೆ ಸಾಕೆಂದು ಹೇಳಬಹುದು. ಪಿತೃಕಾರ್ಯದಲ್ಲಿ ಹಾಗೆ ಹೇಳಲಾಗದು. ‘ಹಿರಿಯರೆಲ್ಲರಿಗೂ ನಮಸ್ಕಾರ’ ಎಂದು ಒಟ್ಟಿಗೆ ಕೈಮುಗಿದು ಮುಗಿಸುವ ಕರ್ಮವಲ್ಲ ಅದು. ಸಂಬಂಧ, ನಾಮ, ಗೋತ್ರ, ರೂಪ ಈ ನಾಲ್ಕನ್ನೂ ಉಚ್ಚರಿಸಿ, ಇಂಥವರಿಗೆ ಎಂದು ಹೇಳಿ ನೀರು ಬಿಡಬೇಕು. ರೂಪವೆಂದರೆ ವಸು, ರುದ್ರ, ಆದಿತ್ಯ. ತಂದೆ ವಸುರೂಪ, ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ. ನಮ್ಮ ಸಂಪ್ರದಾಯವು ಇಲ್ಲಿಗೇ ನಿಲ್ಲದೆ ಆ ದೇವತೆಗಳ ಒಳಗಿರುವ ಮುಖ್ಯಪ್ರಾಣನನ್ನೂ, ಅವನ ಅಂತರ್ಗತನಾದ ಶ್ರೀಹರಿಯನ್ನೂ ಕಾಣುತ್ತದೆ. ತಂದೆಯಲ್ಲಿ ಪ್ರದ್ಯುಮ್ನ, ಅಜ್ಜನಲ್ಲಿ ಸಂಕರ್ಷಣ, ಮುತ್ತಜ್ಜನಲ್ಲಿ ವಾಸುದೇವ. ನೀರು ಬಿಡುವ ಕರ್ತೃವಿನಲ್ಲಿ ಅನಿರುದ್ಧ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವಜೀವರಿಗೆ ಭೇದವಿದೆ. ಒಬ್ಬ ಅಜ್ಜನಂತೆ ಇನ್ನೊಬ್ಬ ಅಜ್ಜನಿಲ್ಲ. ಅಗಲಿದ ಜೀವ ಯಾವುದೋ ಒಂದು ಮಹಾಸಾಗರದಲ್ಲಿ ಕರಗಿಹೋಗಿ ಹೆಸರಿಲ್ಲದಂತಾಯಿತೆಂದು ನಾವು ನಂಬುವವರಲ್ಲ. ಆ ಜೀವ ಆ ಜೀವವಾಗಿಯೇ ಇದೆ, ಹರಿಯ ಅಧೀನದಲ್ಲಿದೆ. ಹಾಗಿದ್ದಾಗ ಅವನನ್ನು ಅವನ ಹೆಸರಿನಿಂದಲೇ ಕರೆಯುವುದು ನ್ಯಾಯವಲ್ಲವೇ?

ಹೆಸರು ಮರೆಯುವ ಮಾನವಸ್ವಭಾವವನ್ನು ಶಾಸ್ತ್ರಕಾರರು ಅರಿಯದವರಲ್ಲ. ಪಿತೃಗಳ ಹೆಸರು ತಿಳಿಯದಿದ್ದರೆ ತಂದೆಗೆ ಪೃಥಿವಿಯಲ್ಲಿರುವವರೆಂದೂ, ಅಜ್ಜನಿಗೆ ಅಂತರಿಕ್ಷದಲ್ಲಿರುವವರೆಂದೂ, ಮುತ್ತಜ್ಜನಿಗೆ ದ್ಯುಲೋಕದಲ್ಲಿರುವವರೆಂದೂ ಹೇಳಿ ಕರ್ಮ ನಡೆಸಲು ಅವಕಾಶ ಕೊಟ್ಟಿದ್ದಾರೆ. ಗೋತ್ರ ತಿಳಿಯದಿದ್ದರೆ ಕಾಶ್ಯಪ ಗೋತ್ರ. ತಿಥಿ ತಿಳಿಯದಿದ್ದರೆ ಮಹಾಲಯ ಅಮಾವಾಸ್ಯೆ ಇದ್ದೇ ಇದೆ. ಇವು ದಿಕ್ಕಿಲ್ಲದವನಿಗೆ, ಬರಗಾಲ ದಂಗೆಗಳಲ್ಲಿ ಮನೆಮಾರು ಕಳೆದುಕೊಂಡವನಿಗೆ ಕರುಣೆಯಿಂದ ಕೊಟ್ಟ ವಿನಾಯಿತಿಗಳು. ಅಜ್ಜಿ ಪಕ್ಕದ ಕೋಣೆಯಲ್ಲಿ ಕುಳಿತಿರುವಾಗ ಹೋಗಿ ಕೇಳಲು ಬೇಸರಪಟ್ಟವನು ಈ ವಿನಾಯಿತಿಯನ್ನು ಬಳಸಿಕೊಳ್ಳುವುದು ನಮಗೆ ಸರಿಕಾಣದು.

ಹೆಸರು ಹೇಗೆ ಉಳಿಯುತ್ತದೆ ಎಂಬುದಕ್ಕೆ ಗಯಾಕ್ಷೇತ್ರದ ನೆನಪು ಬರುತ್ತದೆ. ಫಲ್ಗು ನದಿಯ ದಡದಲ್ಲಿ, 1787ರಲ್ಲಿ ಅಹಲ್ಯಾಬಾಯಿ ಹೋಳ್ಕರರು ಪುನಃ ಕಟ್ಟಿಸಿದ ವಿಷ್ಣುಪಾದ ದೇವಾಲಯವಿದೆ. ಅಲ್ಲಿ ಪಿತೃಕಾರ್ಯ ಮಾಡಿಸುವ ಗಯಾವಾಳರು ಪರಂಪರೆಯಿಂದ ಶ್ರೀಮಧ್ವಾಚಾರ್ಯರ ಮತದ ಅನುಯಾಯಿಗಳು ಎಂಬುದು ನಮ್ಮಲ್ಲಿಯೇ ಅನೇಕರಿಗೆ ತಿಳಿಯದು. ಉಡುಪಿಯಿಂದ ಅಷ್ಟು ದೂರದ ಮಗಧದೇಶದಲ್ಲಿ, ಕನ್ನಡವರಿಯದ ಬಾಯಲ್ಲಿ ಆಚಾರ್ಯರ ಹೆಸರನ್ನು ಕೇಳಿದಾಗ ಆಗುವ ಸಂತೋಷವನ್ನು ಹೋಗಿ ಬಂದವರೇ ಬಲ್ಲರು. ಸೇವೆಯಲ್ಲಿದ್ದಾಗ ಒಮ್ಮೆ ಮಹಾಲಯ ಪಕ್ಷದಲ್ಲಿಯೇ ಅಲ್ಲಿಗೆ ಹೋದೆವು. ಆ ದಿನಗಳಲ್ಲಿ ಗಯಾ ನಿಲ್ದಾಣದಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ; ತಲೆ ಬೋಳಿಸಿಕೊಂಡವರ ಒಂದು ಗಾಡಿ ಹೊರಟರೆ ಬೋಳಿಸಿಕೊಳ್ಳಬೇಕಾದವರ ಇನ್ನೊಂದು ಗಾಡಿ ಬಂದು ನಿಲ್ಲುತ್ತದೆ. ಪಂಡಾ ನಮ್ಮ ಜಿಲ್ಲೆ, ಊರು, ಗೋತ್ರ ಕೇಳಿ ಕೆಂಪು ಬಟ್ಟೆಯ ಉದ್ದನೆಯ ವಹಿಯೊಂದನ್ನು ಬಿಚ್ಚಿದರು. ಅದರಲ್ಲಿ ನಮ್ಮ ಮುತ್ತಜ್ಜನವರ ಮೋಡಿ ಅಕ್ಷರದ ಸಹಿ ಇತ್ತು. ಕೆಳಗೆ ಅವರ ಇಬ್ಬರು ತಮ್ಮಂದಿರ ಹೆಸರು. ಒಬ್ಬರದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಇನ್ನೊಬ್ಬರ ಹೆಸರನ್ನು ನಮ್ಮ ತಂದೆಯವರ ಬಾಯಲ್ಲಿಯೂ ನಾವು ಕೇಳಿರಲಿಲ್ಲ. ಅವರು ಯಾರು, ಎಷ್ಟು ವಯಸ್ಸಿಗೆ ಹೋದರು, ಮದುವೆಯಾಗಿತ್ತೇ, ಒಂದೂ ತಿಳಿಯದು. ಆದರೆ ಆ ವರ್ಷದಿಂದ ನಮ್ಮ ಮನೆಯ ಮಹಾಲಯದ ಪಟ್ಟಿಯಲ್ಲಿ ಆ ಹೆಸರು ಸೇರಿದೆ.

ಮಹಾಲಯದ ಪಟ್ಟಿ ಎಷ್ಟು ವಿಶಾಲವಾದದ್ದೆಂಬುದನ್ನು ಮಕ್ಕಳಿಗೆ ಹೇಳಲೇಬೇಕು. ವಾರ್ಷಿಕ ಶ್ರಾದ್ಧವು ಒಬ್ಬರ ತಿಥಿಗೆ ಸಂಬಂಧಿಸಿದ್ದು. ಮಹಾಲಯದಲ್ಲಿ ತಂದೆಯ ವಂಶ, ತಾಯಿಯ ವಂಶ, ಮಡದಿ, ಮಕ್ಕಳು, ದೊಡ್ಡಪ್ಪ ಚಿಕ್ಕಪ್ಪಂದಿರು, ಸೋದರಮಾವ, ಅಣ್ಣತಮ್ಮಂದಿರು, ಸೋದರತ್ತೆ, ತಾಯಿಯ ಅಕ್ಕತಂಗಿಯರು, ಒಡಹುಟ್ಟಿದ ಸಹೋದರಿಯರು, ಅತ್ತೆ ಮಾವ ಹೀಗೆ ಒಬ್ಬೊಬ್ಬರನ್ನೇ ಕರೆಯುತ್ತ ಹೋಗಿ ಕೊನೆಗೆ ಗುರು, ಶಿಷ್ಯ, ಸಖ, ಆಪ್ತ ಇವರವರೆಗೂ ಬರುತ್ತೇವೆ. ರಕ್ತಸಂಬಂಧವಿಲ್ಲದ ಗೆಳೆಯನಿಗೂ ಅಲ್ಲಿ ಪಾಲುಂಟು. ಪಾಠ ಹೇಳಿದವರಿಗೂ ಉಂಟು. ಗುರುವಿಗಿಂತ ಮೊದಲೇ ಹೋದ ಶಿಷ್ಯನಿಗೂ ಉಂಟು. ತರ್ಪಣ ಮುಗಿದ ಮೇಲೆ ಒದ್ದೆಬಟ್ಟೆಯನ್ನು ಹಿಂಡಿ ಆ ನೀರನ್ನು ತಮ್ಮ ಕುಲದಲ್ಲಿ ಸಂತಾನವಿಲ್ಲದೆ ಹೋದವರಿಗೆ ಅರ್ಪಿಸುವ ವಸ್ತ್ರನಿಷ್ಪೀಡನವೆಂಬ ವಿಧಿಯೂ ಇದೆ. ಬಟ್ಟೆಯಲ್ಲಿ ಉಳಿದ ನೀರನ್ನೂ ವ್ಯರ್ಥವಾಗಗೊಡದೆ, ಕರೆಯುವವರಿಲ್ಲದವರನ್ನು ಕರೆದು ಕೊಟ್ಟ ಧರ್ಮ ನಮ್ಮದು.

ಹೆಸರು ಹೇಳದೆ ನೀರು ಬಿಡಲಾಗದು ಎಂಬುದರ ತೂಕವನ್ನು ತಿಳಿಯಬೇಕಾದರೆ ಮಹಾಭಾರತದ ಸ್ತ್ರೀಪರ್ವದ ಕೊನೆಯ ಭಾಗವನ್ನು ಓದಬೇಕು. ಯುದ್ಧ ಮುಗಿದಿದೆ. ಸತ್ತವರ ದಹನವಾಗಿದೆ. ಧೃತರಾಷ್ಟ್ರನನ್ನು ಮುಂದಿಟ್ಟುಕೊಂಡು ಎಲ್ಲರೂ ಗಂಗೆಗೆ ಬಂದಿದ್ದಾರೆ. ಆಭರಣಗಳನ್ನು ಕಳಚಿಟ್ಟ ಕುರುಸ್ತ್ರೀಯರು ಅಳುತ್ತ ತಂದೆಗೆ, ಗಂಡನಿಗೆ, ಮಗನಿಗೆ, ಅಣ್ಣತಮ್ಮಂದಿರಿಗೆ ನೀರು ಬಿಡುತ್ತಿದ್ದಾರೆ. ಆಗ ಕುಂತೀದೇವಿ ಮೆಲುದನಿಯಲ್ಲಿ ತನ್ನ ಮಕ್ಕಳಿಗೆ ಹೇಳುತ್ತಾಳೆ: ಯಾರನ್ನು ನೀವು ಸೂತಪುತ್ರನೆಂದು ತಿಳಿದಿರೋ, ಅರ್ಜುನನು ಯಾರನ್ನು ಕೊಂದನೋ, ಆ ಕರ್ಣನು ನಿಮ್ಮ ಹಿರಿಯಣ್ಣ, ಅವನಿಗೂ ನೀರು ಕೊಡಿರಿ. ಅದುವರೆಗೆ ಆಕೆ ಮೌನವಾಗಿದ್ದಳು. ರಂಗಭೂಮಿಯಲ್ಲಿ ಇಬ್ಬರೂ ಎದುರುಬದುರು ನಿಂತಾಗ ಹೇಳಲಿಲ್ಲ. ಯುದ್ಧಕ್ಕೆ ಮುಂಚೆ ಕರ್ಣನ ಬಳಿಗೆ ಒಬ್ಬಳೇ ಹೋಗಿ ಅವನಿಗೆ ಹೇಳಿದಳು, ಇವರಿಗೆ ಹೇಳಲಿಲ್ಲ. ಅಷ್ಟೆಲ್ಲ ಸಂದರ್ಭಗಳಲ್ಲಿ ಬಾರದ ಮಾತು ಜಲಾಂಜಲಿಯ ಹೊತ್ತಿಗೆ ಬಂದಿತು. ಏಕೆಂದರೆ ಅಂದು ಹೇಳದಿದ್ದರೆ ಕರ್ಣನು ನೀರಿಲ್ಲದವನಾಗಿ ಉಳಿಯುತ್ತಿದ್ದ. ಧರ್ಮರಾಜನಿಗೆ ಅಭಿಮನ್ಯುವಿನ ಸಾವಿಗಿಂತ, ದ್ರೌಪದಿಯ ಮಕ್ಕಳ ಸಾವಿಗಿಂತ ನೂರುಪಾಲು ದುಃಖ ಆ ಮಾತಿನಿಂದಾಯಿತು. ಆದರೂ ಅವನು ನೀರು ಬಿಟ್ಟ. ಅಷ್ಟಕ್ಕೆ ನಿಲ್ಲದೆ ಕರ್ಣನ ಪತ್ನಿಯರನ್ನು ಕರೆಸಿಕೊಂಡು ಅವರೊಡನೆ ಅಣ್ಣನ ಉತ್ತರಕ್ರಿಯೆಯನ್ನು ಮಾಡಿದನು.

ನಮ್ಮ ಮನೆಗಳಲ್ಲಿಯೂ ಇಂಥ ಮೌನಗಳಿರುತ್ತವೆ. ಜಗಳವಾಡಿ ಮನೆ ಬಿಟ್ಟು ಹೋದವರು, ಹೇಳದೆ ಕೇಳದೆ ಮದುವೆಯಾದವರು, ಬುದ್ಧಿ ಕೆಟ್ಟವರು, ಎಳವೆಯಲ್ಲಿಯೇ ಹೋದ ಮಕ್ಕಳು. ಇವರ ಹೆಸರನ್ನು ತೆಗೆದರೆ ಹಿರಿಯರು ಮಾತು ಮರೆಸುತ್ತಾರೆ. ಮರೆಸಿದ್ದನ್ನು ಬಲವಂತದಿಂದ ಕೆದಕಬೇಕೆಂದು ನಾವು ಹೇಳುವುದಿಲ್ಲ. ಆದರೆ ಹತ್ತು ವರ್ಷದ ಮಗು ನಿಷ್ಕಲ್ಮಷವಾಗಿ ‘ನಿನಗೆ ಎಷ್ಟು ಜನ ತಮ್ಮಂದಿರು ಅಜ್ಜಿ?’ ಎಂದು ಕೇಳಿದಾಗ, ಬೇರೆ ಯಾರಿಗೂ ಹೇಳದ ಹೆಸರನ್ನು ಅಜ್ಜಿ ಹೇಳಿಬಿಟ್ಟ ಪ್ರಸಂಗ ಕಳೆದ ವರ್ಷ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನಡೆದದ್ದನ್ನು ತಂದೆತಾಯಿಗಳೇ ನಮಗೆ ತಿಳಿಸಿದ್ದಾರೆ.

ಹೆಂಗಸರ ಹೆಸರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ತರ್ಪಣದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಮೂವರಿಗೂ ನಾಮೋಚ್ಚಾರಣೆಯಿದೆ. ಆದರೆ ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರನ್ನು ಬದಲಿಸುವ ಪದ್ಧತಿಯಿತ್ತು. ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆದ ಆ ದಿನವೇ ಹಳೆಯ ಹೆಸರು ತವರಿನಲ್ಲಿ ಉಳಿಯಿತು; ತವರಿನವರು ತೀರಿದ ಮೇಲೆ ಅಲ್ಲಿಯೂ ಉಳಿಯಲಿಲ್ಲ. ಕರ್ಮದಲ್ಲಿ ಹೇಳುವುದು ಪತಿಗೃಹದ ಹೆಸರನ್ನೇ. ಪಾಠದಲ್ಲಿ ಮಾತ್ರ ಮಕ್ಕಳು ಎರಡನ್ನೂ ಬರೆದುಕೊಳ್ಳಲಿ. ಹೆಣ್ಣುಮಕ್ಕಳು ಈ ಪಾಠದಲ್ಲಿ ಇರಬೇಕೇ ಎಂದು ಕೇಳಿದವರಿಗೆ ನಮ್ಮ ಉತ್ತರ ಇಷ್ಟೇ: ಮನೆಯಲ್ಲಿ ಯಾರ ತಿಥಿ ಎಂದು ಎಂಬುದನ್ನು ಬಾಯಿಪಾಠವಾಗಿ ಇಟ್ಟುಕೊಂಡವರು ಎಂದಾದರೂ ಗಂಡಸರಾಗಿದ್ದರೇ?

ಸ್ಮರಣೆಯು ಉತ್ಸವವಾಗುವುದು ನಮಗೆ ಹೊಸದಲ್ಲ. ಯತಿಗಳ ಪುಣ್ಯದಿನವನ್ನು ನಾವು ಆರಾಧನೆ ಎನ್ನುತ್ತೇವೆ. 1671ರಲ್ಲಿ ಮಂತ್ರಾಲಯದಲ್ಲಿ ಶ್ರೀರಾಘವೇಂದ್ರ ಗುರುಸಾರ್ವಭೌಮರು ಬೃಂದಾವನಸ್ಥರಾದ ಶ್ರಾವಣ ಬಹುಳ ದ್ವಿತೀಯಾವನ್ನು ಹಿಂದುಮುಂದಿನ ದಿನ ಸೇರಿಸಿ ಮೂರು ದಿನ ಆಚರಿಸುತ್ತೇವೆ. ರಥ, ಅಲಂಕಾರ, ಪ್ರವಚನ, ಸಾವಿರಾರು ಎಲೆಗಳ ಊಟ. ಪುಷ್ಯ ಬಹುಳ ಅಮಾವಾಸ್ಯೆಗೆ ಪುರಂದರದಾಸರ ಪುಣ್ಯದಿನ ಬಂದರೆ ತಂಬೂರಿ ಹಿಡಿದು ಹಾಡುತ್ತೇವೆ. ಅಲ್ಲಿಗೆ ಮಕ್ಕಳನ್ನು ಹೊಸ ಬಟ್ಟೆ ತೊಡಿಸಿ ಕರೆತರುವ ತಂದೆತಾಯಿಗಳು ಅಜ್ಜನ ಹೆಸರು ಹೇಳುವ ಪಾಠಕ್ಕೆ ಹಿಂಜರಿಯಬೇಕಾಗಿಲ್ಲ. ಗುರುಗಳಿಗೂ ಗೃಹಸ್ಥರಿಗೂ ಅಂತರವಿದೆ, ಒಪ್ಪುತ್ತೇವೆ. ಆರಾಧನೆಯಲ್ಲಿ ನಾವು ಅನುಗ್ರಹ ಬೇಡುತ್ತೇವೆ, ಶ್ರಾದ್ಧದಲ್ಲಿ ಋಣ ತೀರಿಸುತ್ತೇವೆ. ಆದರೂ ನೆನೆಯುವ ಮನಸ್ಸು ಒಂದೇ.

ನಗರದಲ್ಲಿ ನಮ್ಮ ಮಕ್ಕಳ ಸಹಪಾಠಿಗಳ ಮನೆಗಳಲ್ಲಿಯೂ ಇದು ನಡೆಯುತ್ತದೆ. ಮುಂಬಯಿಯ ಪಾರಸಿಗಳು ತಮ್ಮ ವರ್ಷದ ಕೊನೆಯ ದಿನಗಳಲ್ಲಿ ಮುಕ್ತಾದ್ ಆಚರಿಸುತ್ತಾರೆ. ಅಗ್ಯಾರಿಯಲ್ಲಿ ಅಗಲಿದವರಿಗಾಗಿ ಹೂದಾನಿಗಳನ್ನಿಟ್ಟು ನಿತ್ಯ ಹೂ ಬದಲಿಸುತ್ತಾರೆ, ಅವರ ಪುರೋಹಿತರು ಪ್ರಾರ್ಥನೆಯಲ್ಲಿ ಅಗಲಿದವರ ಹೆಸರುಗಳನ್ನು ಓದುತ್ತಾರೆ. ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳ ಬಳಿ ಮೇಣದ ಬತ್ತಿ ಹಚ್ಚುತ್ತಾರೆ. ಆ ಮಕ್ಕಳು ತಮ್ಮ ಶಾಲೆಯ ಆನ್‌ಲೈನ್ ತರಗತಿಯಲ್ಲಿ ಇವನ್ನು ಹೇಳುವಾಗ ನಮ್ಮ ಮಗು ‘ನಮ್ಮಲ್ಲಿ ಆ ದಿನಗಳಲ್ಲಿ ಏನನ್ನೂ ಕೊಳ್ಳುವುದಿಲ್ಲ’ ಎಂದಷ್ಟೇ ಹೇಳಿ ಕುಳಿತುಕೊಳ್ಳಬೇಕೇ?

ಇನ್ನೊಂದು ಮಾತು ಹೇಳಲೇಬೇಕು. 2020ರ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 17ರಂದು ಬಂದಿತ್ತು. ಮರುದಿನ ನವರಾತ್ರಿ ಬರಲಿಲ್ಲ, ಅಧಿಕ ಆಶ್ವೀಜ ಬಂದಿತು. ಘಟಸ್ಥಾಪನೆಗೆ ಒಂದು ತಿಂಗಳು ಕಾಯಬೇಕಾಯಿತು. ಆ ವರ್ಷ ಎಲ್ಲವೂ ಹಾಗೆಯೇ ತಡೆದು ನಿಂತಂತಿತ್ತು. ಮರುವರ್ಷ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಎಷ್ಟೋ ಮನೆಗಳಿಂದ ಹಿರಿಯರು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಮನೆಯ ಮುಂದೆ ಮಲಗಿಸಿ ಕೊನೆಯ ನಮಸ್ಕಾರ ಮಾಡುವ ಅವಕಾಶವೂ ಇರಲಿಲ್ಲ. ಮಕ್ಕಳಿಗೆ ಯಾರೂ ಏನನ್ನೂ ವಿವರಿಸಲಿಲ್ಲ. ದೊಡ್ಡವರಿಗೇ ತಿಳಿಯದಿರುವಾಗ ವಿವರಿಸುವುದೇನನ್ನು? ಅಜ್ಜ ಇದ್ದರು, ಅನಂತರ ಇರಲಿಲ್ಲ. ಕಳೆದ ವರ್ಷದ ಪಾಠದಲ್ಲಿ, ಆ ಸಮಯದಲ್ಲಿ ಐದಾರು ವರ್ಷದವನಾಗಿದ್ದ ಹುಡುಗನೊಬ್ಬನು ತನ್ನ ಸರದಿ ಬಂದಾಗ ಅಜ್ಜನ ಹೆಸರು, ಅವರ ತಂದೆಯ ಹೆಸರು, ಅವರ ತಂದೆಯ ಹೆಸರು ಮೂರನ್ನೂ ತಪ್ಪಿಲ್ಲದೆ ಹೇಳಿದ. ಸಂಗತಿ ಏನೆಂದು ಕೇಳಿದರೆ, ಅಜ್ಜ ಊಟಕ್ಕೆ ಕುಳಿತಾಗ ಎಲೆಯ ಸುತ್ತ ನೀರು ತಿರುಗಿಸಿ, ಚಿತ್ರಾಹುತಿಯ ಅನ್ನದ ಅಗುಳುಗಳಲ್ಲಿ ಕೊನೆಯದನ್ನು ಇಡಲು ತನ್ನ ಕೈಗೆ ಕೊಡುತ್ತಿದ್ದರು ಎಂದ. ಶಾಸ್ತ್ರದಲ್ಲಿ ಹಾಗೆ ಕೊಡುವುದಿಲ್ಲ ಎಂದು ನಾವು ಹೇಳಬಹುದಿತ್ತು. ಹೇಳಲಿಲ್ಲ. ಸ್ವಲ್ಪ ಹೊತ್ತು ತಡೆದು ಅವನು, ‘ಅಜ್ಜನ ಹೆಸರನ್ನು ನಾನು ಜೋರಾಗಿ ಹೇಳಿದ್ದು ಇದೇ ಮೊದಲು’ ಎಂದ. ಪರದೆಯ ಮೇಲಿನ ಸಣ್ಣ ಸಣ್ಣ ಚೌಕಗಳಲ್ಲಿ ಎಷ್ಟೋ ಮಂದಿ ಹಿರಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಂದು ಅಲ್ಲಿ ಅಮಂಗಳವೇನೂ ನಮಗೆ ಕಾಣಲಿಲ್ಲ.

ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಪುರಾಣವಚನಗಳನ್ನು ಸಂಗ್ರಹಿಸಿ ಹರಿಸ್ಮರಣೆಯ ಮಹಿಮೆಯನ್ನು ಎಷ್ಟು ಬಗೆಯಾಗಿ ಹೇಳಿದ್ದಾರೆಂಬುದು ಪಾಠಕ್ಕೆ ಬರುವವರಿಗೆ ಗೊತ್ತು. ಪಿತೃಸ್ಮರಣೆಯು ಅದರಿಂದ ಬೇರೆಯಾದದ್ದೆಂದು ತಿಳಿಯಬಾರದು. ಅಜ್ಜನೊಳಗಿನ ಸಂಕರ್ಷಣನನ್ನು ಬಿಟ್ಟು ಅಜ್ಜನನ್ನಷ್ಟೇ ನೆನೆದರೆ ಅದು ಮೋಹವಾದೀತು. ಅಜ್ಜನ ಹೆಸರನ್ನೇ ತಿಳಿಯದೆ ಸಂಕರ್ಷಣನನ್ನು ಅವನಲ್ಲಿ ಕಾಣುತ್ತೇನೆಂದರೆ ಎಲ್ಲಿ ಕಾಣುವುದು? ಮಕ್ಕಳಿಗೆ ಹೆಸರಿನೊಡನೆ ಇದನ್ನೂ ಕಲ್ಪಿಸಿಕೊಡಬೇಕು. ಆ ಹೆಸರುಗಳ ಪಕ್ಕದಲ್ಲಿ ಪ್ರದ್ಯುಮ್ನ, ಸಂಕರ್ಷಣ, ವಾಸುದೇವ ಎಂದು ಬರೆಸಬೇಕು.

ಈಗ ತಂದೆತಾಯಿಗಳಿಗೆ ಕೆಲವು ಸೂಚನೆಗಳು. ಹೆಸರುಗಳೊಡನೆ ತಿಥಿಯನ್ನೂ ಬರೆಸಿರಿ. ಮರಣಪತ್ರದಲ್ಲಿರುವುದು ಇಂಗ್ಲಿಷ್ ತಾರೀಕು. ಆ ವರ್ಷದ ಪಂಚಾಂಗ ತೆಗೆದು ಪ್ರಾಣೋತ್ಕ್ರಮಣದ ಹೊತ್ತಿಗೆ ಇದ್ದ ತಿಥಿಯನ್ನು ನೋಡಿಕೊಳ್ಳಬೇಕು. ಬೆಳಗಿನ ತಿಥಿಯನ್ನೇ ಹಿಡಿದರೆ ಒಂದು ದಿನ ವ್ಯತ್ಯಾಸವಾದೀತು. ಆದ್ದರಿಂದ ಸಮಯವನ್ನೂ ಕೇಳಿ ಬರೆದಿಡಿರಿ. ತಿಥಿ ಏಕಾದಶಿಯಾಗಿದ್ದರೆ ನಮ್ಮ ಸಂಪ್ರದಾಯದಲ್ಲಿ ಆ ದಿನ ಶ್ರಾದ್ಧವಿಲ್ಲ, ದ್ವಾದಶಿಯಂದು ಮಾಡುವುದು, ಮಕ್ಕಳು ‘ಏಕೆ?’ ಎಂದು ಕೇಳಿದರೆ ಉಪವಾಸದ ದಿನ ಹಿರಿಯರನ್ನು ಊಟಕ್ಕೆ ಕರೆಯುವುದು ಹೇಗೆ ಎಂದು ಅವರನ್ನೇ ತಿರುಗಿ ಕೇಳಿರಿ. ಫೋಟೋ ತೋರಿಸುವುದು ಕಡ್ಡಾಯವಲ್ಲ. ಎಷ್ಟೋ ಮುತ್ತಜ್ಜಿಯರ ಫೋಟೋ ಎಲ್ಲಿಯೂ ಇಲ್ಲ. ಅವರು ಮಾಡುತ್ತಿದ್ದ ಹುಳಿಯ ರುಚಿಯನ್ನೋ ಹಾಡುತ್ತಿದ್ದ ಹಾಡನ್ನೋ ಹೇಳಿದರೂ ಆಯಿತು. ಕಾಗದದಲ್ಲಿ, ಮಗುವಿನ ಸ್ವಂತ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿರಿ. ಕನ್ನಡ ಬಾರದ ಮಗುವಿಗೆ ಆ ಹೆಸರುಗಳಷ್ಟನ್ನಾದರೂ ಕನ್ನಡದಲ್ಲಿ ಬರೆಯಲು ಕಲಿಸಿರಿ. ಆ ಕಾಗದ ದೇವರ ಮನೆಯ ಪಂಚಾಂಗದೊಳಗೆ ಇರಲಿ.

ಪಾಠವು ಪಕ್ಷದ ಎರಡನೆಯ ಭಾನುವಾರ ಬೆಳಿಗ್ಗೆ ನಡೆಯುವುದು. ಅಂದು ಮನೆಯಲ್ಲಿ ಶ್ರಾದ್ಧವಿರುವವರು ಬರಬೇಕಾಗಿಲ್ಲ, ಅವರ ಮಕ್ಕಳಿಗೆ ಮರುವಾರ ಸರದಿ ಕೊಡಲಾಗುವುದು. ಅಜ್ಜಿ ತಾತಂದಿರು ಮಕ್ಕಳ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕೆಂದು ವಿನಂತಿ. ಕಿವಿ ಮಂದವಾದವರಿದ್ದರೆ ಫೋನನ್ನು ಅವರ ಸಮೀಪದಲ್ಲಿಡಿರಿ. ಮಗು ಹೆಸರನ್ನು ತಪ್ಪಿ ಹೇಳಿದರೆ ಅವರು ಅಲ್ಲಿಯೇ ತಿದ್ದಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥